ಮಲಗಿವೆ

ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಲುಗಂಟೆಯಕ್ಕ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಷ್ಟೇ. ಗಾಜಿನ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಒಳಗಿರುವ ಇಲಿಗಳು ಏನು ಮಾಡುತ್ತಿವೆ ಎಂದು ಕಾಲು ಗಂಟೆಗೊಮ್ಮೆ ಬರೆಯುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ. ಇಲಿ ನೋಡುವುದೂ ಒಂದು ನೌಕರಿಯೇ ಎಂದು ನೆರೆಹೊರೆಯವರು ಮೂಗು ಮುರಿದಿದ್ದುಂಟು. ಮುರಿಯುವವರು ಮುರಿದುಕೊಳ್ಳಲಿ. ಕಾರ್ಖಾನೆಗೆ ಹೊಸ ಅನಿಲವೊಂದು ಬರುವ ಮೊದಲು ಯಾರಾದರೂ ಅದನ್ನು ಉಸಿರಾಡಿ ನೋಡಲೇಬೇಕಲ್ಲ. ಮನುಷ್ಯರ ಪಾಲಿನ ಆ ಉಸಿರನ್ನು ಇಲಿಗಳು ಆಡುತ್ತವೆ, ಇಲಿಗಳ ಪಾಲಿನ ಮಾತನ್ನು ಈಕೆ ಆಡಬೇಕು.

ಪೆಟ್ಟಿಗೆ ಎಂದರೆ ಬೀರುವಿನಷ್ಟು ದೊಡ್ಡದು, ನಾಲ್ಕೂ ಕಡೆ ದಪ್ಪ ಗಾಜು. ಒಳಗೆ ತಂತಿಯ ಹತ್ತು ಗೂಡು, ಗೂಡಿಗೊಂದು ಬಿಳಿ ಇಲಿ. ಮೇಲಿನ ಕೊಳವೆಯಿಂದ ಗಾಳಿಯೂ ಅನಿಲವೂ ಅಳತೆಗೆ ತಕ್ಕಂತೆ ಬೆರೆತು ಬರುತ್ತದೆ. ತಳದಲ್ಲೊಂದು ಫ್ಯಾನು ಗುಂಯ್ ಎನ್ನುತ್ತಾ ಅದನ್ನು ಕಲಕುತ್ತಿರುತ್ತದೆ. ಗಾಳಿಗಿಂತ ಭಾರವಾದ ಅನಿಲ ನೆಲ ಹಿಡಿದು ಕೂತುಬಿಡುತ್ತದೆ, ಅದಕ್ಕೇ ಆ ಫ್ಯಾನು. ನಾಲ್ಕು ಗಂಟೆ ಹೀಗೆ. ಆಮೇಲೆ ಶುದ್ಧ ಗಾಳಿ ಬಿಟ್ಟು, ಹದಿನಾಲ್ಕು ದಿನ ಕಾದು ನೋಡಿ, ಕೊನೆಗೆ ಕೊಯ್ದು ಶ್ವಾಸಕೋಶ ತೂಗುತ್ತಾರೆ. ಅದು ಪಶುವೈದ್ಯರ ಕೆಲಸ. ಆ ಕೋಣೆಗೆ ಅಕ್ಕ ಕಾಲಿಡುವವಳಲ್ಲ.

ಬರೆಯುವ ಹಾಳೆಯಲ್ಲಿ ಒಂದೊಂದು ಕಾಲು ಗಂಟೆಗೂ ಎರಡು ಬೆರಳಗಲದ ಜಾಗ. ಅದರಲ್ಲಿ ಕಥೆ ಬರೆಯಲಾಗುತ್ತದೆಯೇ? ಹಾಗಾಗಿ ಕೆಳಗಿನ ಮನೆಯವರು, ಅಂದರೆ ಪೆಟ್ಟಿಗೆಗಳಿರುವ ನೆಲಮಹಡಿಯ ಐದಾರು ಜನ, ತಮ್ಮದೇ ಒಂದು ಚುಟುಕು ಭಾಷೆ ಮಾಡಿಕೊಂಡಿದ್ದರು. ಇಲಿ ಮುದುಡಿಕೊಂಡು ನಿದ್ದೆ ಹೋದರೆ ‘ನಿದ್ದೆಯಲ್ಲಿವೆ’. ಗಾಜು ತಟ್ಟಿದರೂ ಕಿವಿ ಅಲುಗಿಸದೆ ಚಪ್ಪಟೆ ಬಿದ್ದುಕೊಂಡರೆ ‘ಮಲಗಿವೆ’. ಅಂಗಡಿ ಮಲಗಿತು, ವ್ಯವಹಾರ ಮಲಗಿತು ಅನ್ನುತ್ತೇವಲ್ಲ, ಹಾಗೆ. ಕೆಳಗಿನವರಿಗೆ ಇದು ನೀರು ಕುಡಿದಷ್ಟು ಸಲೀಸು. ಮಹಡಿಯ ಮೇಲೆ ವರದಿ ಬರೆಯುವವರಿಗೂ ಗೊತ್ತಿದೆ ಎಂದೇ ಎಲ್ಲರೂ ತಿಳಿದಿದ್ದರು. ಕೇಳಿದವರು ಯಾರೂ ಇಲ್ಲ, ಹೇಳಿದವರೂ ಇಲ್ಲ.

ಎರಡು ವರ್ಷದ ಹಿಂದೆ ನಲವತ್ತೊಂದು ಎಂಬ ಅನಿಲ ಬಂತು. ಉದ್ದನೆಯ ಹೆಸರು ನಾಲಿಗೆಗೆ ಹೊರಳದ್ದರಿಂದ ಎಲ್ಲರೂ ನಂಬರಿನಲ್ಲೇ ಕರೆದರು. ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ. ಬೆಳಿಗ್ಗೆ ಹತ್ತೂ ಕಾಲಿಗೆ ಬಿಟ್ಟರು. ಮಧ್ಯಾಹ್ನ ಒಂದರವರೆಗೆ ಇಲಿಗಳು ಆಟವಾಡಿಕೊಂಡಿದ್ದವು. ಒಂದೂ ಕಾಲಿಗೆ ಅಕ್ಕ ತಲೆಯೆತ್ತಿ ನೋಡಿದರೆ ಹತ್ತೂ ಬಿದ್ದಿದ್ದವು. ಗಾಜು ತಟ್ಟಿದಳು. ಅಂಗೈಯಿಂದ ಬಡಿದಳು. ಕಣ್ಣುಗಳು ತೆರೆದೇ ಇದ್ದವು, ಒಂದೂ ಅಲುಗಲಿಲ್ಲ. ಇಂಥ ಹೊತ್ತಿನಲ್ಲಿ ಪಶುವೈದ್ಯರಿಗೆ ಗಂಟೆ ಒತ್ತಬೇಕೆಂದು ನಿಯಮ. ಆದರೆ ಅದೇ ವಾರ ಎರಡು ಸಲ ಸುಮ್ಮಸುಮ್ಮನೆ ಗಂಟೆ ಒತ್ತಿ, ‘ಕಾಲು ಗಂಟೆಗೊಂದು ಸಲ ನನ್ನ ಊಟ ಕೆಡಿಸಬೇಡಿ ತಾಯಿ’ ಎಂದು ಅವರಿಂದ ಅನ್ನಿಸಿಕೊಂಡಿದ್ದಳು. ಕೈ ಗಂಟೆಯ ತನಕ ಹೋಗಿ ಹಿಂದಕ್ಕೆ ಬಂತು. ಬರೆದರಾಯಿತು, ಓದಿದವರಿಗೆ ತಿಳಿಯುತ್ತದೆ ಎಂದುಕೊಂಡು ‘ಮಲಗಿವೆ’ ಎಂದು ಬರೆದಳು. ಒಂದೂವರೆಗೆ ಮಲಗಿವೆ. ಒಂದೂ ಮುಕ್ಕಾಲಿಗೆ ಮಲಗಿವೆ. ಎರಡಕ್ಕೆ ಮಲಗಿವೆ. ಎರಡೂ ಕಾಲಿಗೆ ಶುದ್ಧ ಗಾಳಿ ಬಿಟ್ಟರು. ಹತ್ತು ನಿಮಿಷದಲ್ಲಿ ಹತ್ತೂ ಎದ್ದು, ಮೀಸೆ ತೀಡಿಕೊಂಡು, ಏನೂ ಆಗದವರ ಹಾಗೆ ಕಾಳು ಮೆಲ್ಲತೊಡಗಿದವು. ಹದಿನಾಲ್ಕು ದಿನದ ಮೇಲೆ ಶ್ವಾಸಕೋಶವೂ ನೆಟ್ಟಗಿತ್ತಂತೆ. ಎಲ್ಲರೂ ಕೈ ತೊಳೆದುಕೊಂಡರು.

ಅಕ್ಕನಿಗೆ ಮಾತ್ರ ತೊಳೆದುಕೊಳ್ಳಲಾಗಲಿಲ್ಲ. ಅಂದಿನಿಂದ ಮಧ್ಯಾಹ್ನ ಒಂದೂ ಕಾಲಾದರೆ ಆಕೆಗೆ ಆ ಗಾಜಿನ ಕಡೆ ನೋಡಲು ಧೈರ್ಯ ಸಾಲದು. ಪೆಟ್ಟಿಗೆ ತೊಳೆದು ಒರೆಸಿ ಖಾಲಿ ಬಿಟ್ಟಿದ್ದ ದಿನವೂ ಅಷ್ಟೇ. ಒರೆಸುವ ಬಟ್ಟೆ ಕೈಯಲ್ಲಿರುವಾಗಲೇ ಒಳಗೆ ಹತ್ತು ಬಿಳಿ ಮೈಗಳು ಸಾಲಾಗಿ ಬಿದ್ದಿರುತ್ತಿದ್ದವು, ಕಣ್ಣು ತೆರೆದುಕೊಂಡು ಈಕೆಯನ್ನೇ ನೋಡುತ್ತಿದ್ದವು. ರೆಪ್ಪೆ ಬಡಿದರೆ ಇಲ್ಲ. ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ತಲೆ ಕೆಟ್ಟಿದೆ ಅಂದಾರು. ಒಂದೂ ಕಾಲಿಗೆ ಆಕೆ ಬೆನ್ನು ತಿರುಗಿಸಿಕೊಂಡು ಊಟದ ಡಬ್ಬಿ ಬಿಚ್ಚುವುದನ್ನು ಅಭ್ಯಾಸ ಮಾಡಿಕೊಂಡಳು. ಬೆನ್ನಿಗೂ ಕಣ್ಣಿದೆ ಎಂದು ಆಗ ಗೊತ್ತಾಯಿತು.

ಅಕ್ಕನ ಜೊತೆ ಮನೆಯಲ್ಲಿದ್ದವನು ತಮ್ಮ. ಹದಿನಾರು ವರ್ಷ ಚಿಕ್ಕವನು, ಅಮ್ಮ ಹೋದ ಮೇಲೆ ಈಕೆಯೇ ಎತ್ತಿ ಆಡಿಸಿದವಳು. ನಾಲ್ಕು ತಿಂಗಳ ಹಿಂದೆ ಅವನಿಗೆ ಹಾಸಿಗೆಯ ಫೋಮು ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಉಬ್ಬಿದ ಫೋಮಿನ ದಿಮ್ಮಿಗಳನ್ನು ಆರಲು ಪೇರಿಸುವ ಕೋಣೆಯಲ್ಲಿ ಇವನೂ ಇನ್ನೊಬ್ಬನೂ. ಆ ಇನ್ನೊಬ್ಬನಿಗೆ ಕಾರ್ಖಾನೆಯಲ್ಲಿ ಗೊರಕೆಯಣ್ಣ ಎಂದೇ ಹೆಸರು. ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು, ಗೇಟಿನ ಹತ್ತಿರ ಬೆಲ್ಲು ಬಾರಿಸಿ ತಮ್ಮನನ್ನು ಕರೆದುಕೊಂಡು ಹೋಗುತ್ತಿದ್ದ. ದಪ್ಪ ಮೈ, ದಪ್ಪ ನಗು. ಮನೆಯಲ್ಲಿ ಎರಡು ಹೆಣ್ಣು ಮಕ್ಕಳು.

ಒಂದು ಸಂಜೆ ತಮ್ಮ ಕಾಲು ಚಾಚಿ ಕೂತು ಹೇಳಿದ: “ಅಕ್ಕ, ನಮ್ಮದು ಹಾಸಿಗೆ ಕಾರ್ಖಾನೆ ಅನ್ನೋದಕ್ಕೆ ಸರಿಯಾಗಿದೆ ನೋಡು. ಊಟ ಆಗ್ತಿದ್ದ ಹಾಗೇ ಎಲ್ರಿಗೂ ತೂಕಡಿಕೆ. ಗೊರಕೆಯಣ್ಣ ಅಂತೂ ಫೋಮಿನ ಚೂರು ನೆಲಕ್ಕೆ ಹಾಸ್ಕೊಂಡು ಉದ್ದಕ್ಕೆ ಬಿದ್ರೆ ಮುಗೀತು. ನಾನೂ ಈಚೆಗೆ ಪಕ್ಕದಲ್ಲೇ ಒರಗ್ತೀನಿ.”

“ಕಿಟಕಿ ತೆಗೆಯಲ್ವೇನೋ?”

“ಗಾಳಿ ಬಿದ್ರೆ ದಿಮ್ಮಿ ಸೊಟ್ಟಗಾಗುತ್ತಂತೆ, ಅದಕ್ಕೆ ಬಾಗಿಲು ಕಿಟಕಿ ಎಲ್ಲಾ ಬಂದ್. ಏನೂ ಭಯ ಇಲ್ಲಕ್ಕ, ಫೋಮು ಉಬ್ಬಿಸೋ ಅನಿಲ ನಿಮ್ಮ ಪ್ರಯೋಗಾಲಯದಲ್ಲೇ ಪರೀಕ್ಷೆ ಆಗಿರೋದು. ನೋಡು ಬೇಕಾದ್ರೆ.” ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಹೆಮ್ಮೆಯಿಂದ ಕೊಟ್ಟ. ಸುರಕ್ಷತೆಯ ಹಾಳೆ, ಎಲ್ಲ ಕೆಲಸಗಾರರಿಗೂ ಹಂಚಿದ್ದರಂತೆ.

ಅಕ್ಕ ಕನ್ನಡಕ ಏರಿಸಿ ಓದಿದಳು. ಮೇಲೆ ನಲವತ್ತೊಂದರ ಉದ್ದ ಹೆಸರು. ಕೆಳಗೆ ಮುದ್ದಾದ ಅಕ್ಷರದಲ್ಲಿ: ‘ನಾಲ್ಕನೆಯ ಗಂಟೆಯಲ್ಲಿ ಪ್ರಾಣಿಗಳು ಎಂದಿನಂತೆ ನಿದ್ರಿಸುತ್ತಿದ್ದವು. ಯಾವುದೇ ದುಷ್ಪರಿಣಾಮ ಕಂಡುಬಂದಿಲ್ಲ.’ ಎದುರಿಗೆ ಕೂತ ತಮ್ಮ ಆಕಳಿಸಿದ. ಆ ಆಕಳಿಕೆ ನೋಡಿ ಆಕೆಗೆ ಜೀವವೇ ಬಾಯಿಗೆ ಬಂದಂತಾಯಿತು.

ಮರುದಿನ ಬೆಳಿಗ್ಗೆ ಹೋದವಳೇ ನೇರ ಮಹಡಿ ಹತ್ತಿದಳು. ಅಲ್ಲಿ ವರದಿ ಬರೆಯುವವರು ಕೂರುತ್ತಾರೆ, ಎಲ್ಲರ ಬಾಯಲ್ಲೂ ವರದಿ ಮೇಷ್ಟ್ರು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು, ಭಾಷೆ ಅಚ್ಚುಕಟ್ಟು, ಒಂದು ಕಾಮಾ ತಪ್ಪುವುದಿಲ್ಲ. ಅಕ್ಕ ಸುರಕ್ಷತೆಯ ಹಾಳೆ ತೋರಿಸಿದೊಡನೆ ಅವರು ಹಳೆಯ ಕಡತ ತೆಗೆಸಿದರು. ಅಕ್ಕನದೇ ಕೈಬರಹ, ನಾಲ್ಕು ಸಲ.

“ಮಲಗಿವೆ ಅಂತ ನೀವೇ ಬರೆದಿದ್ದೀರಿ. ಇಲಿ ಹಗಲು ಹೊತ್ತು ಮಲಗೋದೇ ತಾನೇ? ನಾನು ನಿದ್ರೆ ಅಂತ ತಿದ್ದಿ ಬರೆದೆ. ತಪ್ಪೇನು?” ಎಂದರು ಮೇಷ್ಟ್ರು.

“ನಿದ್ದೆ ಅಲ್ಲ ಮೇಷ್ಟ್ರೇ. ಬಿದ್ದಿದ್ವು. ಗಾಜು ಬಡಿದ್ರೂ ಏಳಲಿಲ್ಲ. ನಮ್ಮಲ್ಲಿ ಮಲಗಿವೆ ಅಂದ್ರೆ ಅದೇ.”

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಆ ಮನುಷ್ಯ ಕೆಟ್ಟವರಲ್ಲ. ಮುಖ ಸುಣ್ಣ ಬಳಿದ ಹಾಗಾಯಿತು. “ಎಂಟು ವರ್ಷದಿಂದ ನಿಮ್ಮ ಹಾಳೆ ಓದ್ತಿದ್ದೀನಿ,” ಎಂದರು, “ಇನ್ನೆಷ್ಟು ಕಡೆ ಹೀಗೆ ಬರೆದಿದ್ದೀನೋ.” ಆಮೇಲೆ ಡ್ರಾಯರಿನಿಂದ ತಿದ್ದುಪಡಿಯ ನಮೂನೆ ತೆಗೆದು ಮುಂದಿಟ್ಟರು. “ಕಣ್ಣಾರೆ ಕಂಡವರು ನೀವು. ನೀವು ಬರೆದು ಸಹಿ ಹಾಕಿದ್ರೆ ಇವತ್ತೇ ಕಾರ್ಖಾನೆಗೆ ಸುದ್ದಿ ಮುಟ್ಟಿಸ್ತೀನಿ. ಆದ್ರೆ ಅಕ್ಕಾ, ಕೇಳ್ತಾರೆ. ಗಂಟೆ ಯಾಕೆ ಒತ್ತಲಿಲ್ಲ ಅಂತ.”

ಅಕ್ಕ ನಮೂನೆಯನ್ನು ಮಡಿಸಿ ಕೈಯಲ್ಲಿ ಹಿಡಿದಳು. ನಿವೃತ್ತಿಗೆ ಎರಡೇ ವರ್ಷ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಲು ಗಂಟೆಯೂ ತಪ್ಪಿಸದವಳು ಎಂಬ ಹೆಸರು. ಒಂದೇ ಒಂದು ದಿನ ಕೊಡಿ, ನಾಳೆ ಬರೆದುಕೊಡುತ್ತೇನೆ ಎಂದಳು. ನೀವೇ ಹೇಳಿ, ಇಂಥ ವಿಷಯಕ್ಕೆ ನಾಳೆ ಎಂಬುದುಂಟೆ? ಬಾಯಿ ಬಿಟ್ಟು ಹೇಳಲು ಅವಳಿಗೆ ಏನು ಧಾಡಿಯಾಗಿತ್ತು? ಕಥೆ ಹೇಳುವ ನಮಗೆ ಸಿಟ್ಟು ಬರುತ್ತದೆ, ಬೈಯುವುದು ಸುಲಭ. ನಾಚಿಕೆ ಅಡ್ಡ ನಿಂತಾಗ ಒಂದು ದಿನ ಎಷ್ಟು ಸಣ್ಣದಾಗಿ ಕಾಣುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಮೇಷ್ಟ್ರೂ ಒತ್ತಾಯ ಮಾಡಲಿಲ್ಲ. ಅವರಿಗೂ ಒಂದು ದಿನ ಬೇಕಾಗಿತ್ತೇನೋ.

ಅಂದು ಸಂಜೆ ತಮ್ಮ ನೆಟ್ಟಗೆ ಮನೆಗೆ ಬಂದ. ಅದನ್ನೇ ಆಕೆ ಒಂದು ಧೈರ್ಯ ಮಾಡಿಕೊಂಡಳು. ಮರುದಿನ ಬೆಳಿಗ್ಗೆ ಅವನು ಬೂಟು ಹಾಕಿಕೊಳ್ಳುವಾಗ ಮಾತ್ರ ತಡೆಯಲಾಗಲಿಲ್ಲ.

“ಇವತ್ತೊಂದು ದಿನ ಹೋಗ್ಬೇಡ್ವೋ.”

“ಯಾಕೆ? ಮೈಗೆ ಹುಷಾರಿಲ್ವಾ ನಿಂಗೆ?”

“ಹುಷಾರಾಗೇ ಇದೀನಿ. ಸುಮ್ನೆ ಇರು ಅಂದ್ರೆ ಇರೋಕಾಗಲ್ವಾ?”

“ಸುಮ್ನೆ ಇದ್ರೆ ದಿಮ್ಮಿ ನೀನು ಹೊರ್ತೀಯಾ?” ಎಂದು ನಕ್ಕು ಡಬ್ಬಿ ಎತ್ತಿಕೊಂಡ. ಗೇಟಿನಲ್ಲಿ ಸೈಕಲ್ಲಿನ ಬೆಲ್ಲು. ಗೊರಕೆಯಣ್ಣ ಒಂದು ಕಾಲು ನೆಲಕ್ಕೂರಿ ನಿಂತಿದ್ದ. ಅಕ್ಕ ಅಲ್ಲಿಯವರೆಗೂ ಹೋದಳು.

“ಏನಕ್ಕ, ಮುಖ ಬಾಡಿದೆ? ರಾತ್ರಿ ನಿದ್ದೆ ಇಲ್ವಾ? ನನ್ನ ನಿದ್ದೇಲಿ ಅರ್ಧ ಕೊಡ್ಲಾ?” ಎಂದು ಅವನು ತನ್ನ ಮಾತಿಗೆ ತಾನೇ ಹೊಟ್ಟೆ ಕುಣಿಸಿ ನಕ್ಕ.

“ಮಕ್ಕಳು ಚೆನ್ನಾಗಿದಾರಾ?” ಎಂದಳು ಅಕ್ಕ.

“ದೊಡ್ಡೋಳು ಸೈಕಲ್ ಕಲೀತಾಳಂತೆ. ಮೊಣಕಾಲು ತರಚ್ಕೊಂಡು ಕೂತಿದಾಳೆ.”

ಇಷ್ಟೇ ಆದ ಮಾತು. ಇಬ್ಬರೂ ತಿರುವಿನಲ್ಲಿ ಮರೆಯಾಗುವ ತನಕ ಆಕೆ ಗೇಟು ಹಿಡಿದು ನಿಂತಿದ್ದಳು.

ಪ್ರಯೋಗಾಲಯದಲ್ಲಿ ಅಂದು ಪೆಟ್ಟಿಗೆ ಖಾಲಿ. ತಿದ್ದುಪಡಿಯ ನಮೂನೆ ಮುಂದಿಟ್ಟುಕೊಂಡು ಬರೆಯುವುದು, ಹೊಡೆದುಹಾಕುವುದು, ಮಧ್ಯಾಹ್ನದವರೆಗೆ ಅದೇ ಆಯಿತು. ಒಂದೂ ಕಾಲಿಗೆ ಡಬ್ಬಿ ಬಿಚ್ಚಲು ಮರೆತು ತಲೆಯೆತ್ತಿದಳು. ಗಾಜಿನೊಳಗೆ ಬಿದ್ದಿದ್ದವು, ಎಂದಿನಂತೆ ಹತ್ತೂ. ಈ ಸಲ ರೆಪ್ಪೆ ಬಡಿದರೂ ಹೋಗಲಿಲ್ಲ. ಒಂದರ ಮುಖ ಆಕೆಯ ಕಡೆ ತಿರುಗಿತ್ತು, ತಾನೇ ಎತ್ತಿ ಆಡಿಸಿದ ಮುಖ. ಅಕ್ಕ ಸ್ಟೂಲು ಉರುಳಿಸಿಕೊಂಡು ಎದ್ದು, ಗೋಡೆಯ ಫೋನಿಗೆ ಕೈ ಹಾಕಿದಳು.

ಕಾರ್ಖಾನೆಯಲ್ಲಿ ಫೋನು ಎತ್ತಿದವನು ಉಗ್ರಾಣದವನು.

“ನನ್ನ ತಮ್ಮ ಎಲ್ಲಿ? ದಿಮ್ಮಿ ಕೋಣೆಯವನು.”

“ಅವ್ನಾ? ಮಲಗಿದಾನೆ ಅಮ್ಮ. ಈಗ ತಾನೇ ನೋಡ್ಕೊಂಡು ಬಂದೆ.”

“ಮಲಗಿದಾನೆ ಅಂದ್ರೆ?”

“ಅಂದ್ರೆ ಏನು ಹೇಳ್ಲಿ? ಮಲಗಿದಾನೆ ಅಂದ್ರೆ ಮಲಗಿದಾನೆ.” ಅವನಿಗೆ ನಗು.

ಅಕ್ಕನಿಗೆ ಸ್ವರ ಎಲ್ಲಿಂದ ಬಂತೋ, ಮಹಡಿಯ ಮೇಲಿನ ಮೇಷ್ಟ್ರಿಗೂ ಕೇಳಿಸಿತು. “ನನ್ನ ತಮ್ಮನ್ನ ಎತ್ಕೊಂಡು ಹೊರಗೆ ಬಾ! ಅಲ್ಲಾಡಿಸೋದು ಬೇಡ, ಎಬ್ಬಿಸೋದು ಬೇಡ, ಎತ್ಕೊಂಡು ಗಾಳಿಗೆ ಬಾ! ನನ್ನ ತಮ್ಮನ್ನ! ಕೇಳಿಸ್ತಾ?” ಅವನು ಗಾಬರಿಯಾಗಿ ಫೋನು ಕೆಳಗಿಡದೆಯೇ ಓಡಿದ.

ಸಿಕ್ಕಿದ ಗಾಡಿ ಹತ್ತಿ ಅಕ್ಕ ಹೋದಾಗ ಎರಡಾಗಲು ಹತ್ತು ನಿಮಿಷ. ಅಂಗಳದ ಕಟ್ಟೆಯ ಮೇಲೆ ತಮ್ಮ ಕೂತಿದ್ದ. ತಲೆಗೆ ನೀರು ಸುರಿದಿದ್ದರು, ವಾಂತಿ ಮಾಡಿಕೊಂಡಿದ್ದ, ಕಣ್ಣು ಕೆಂಪಗಿತ್ತು, ಆದರೆ ಕೂತಿದ್ದ. ಆಕೆ ಅವನ ಒದ್ದೆ ತಲೆಯನ್ನು ಹೊಟ್ಟೆಗೆ ಅವಚಿಕೊಂಡು ಗಟ್ಟಿಯಾಗಿ ಅತ್ತಳು. ಬದುಕಿನಲ್ಲಿ ಅಷ್ಟು ಸಂತೋಷ ಆಕೆಗೆ ಇನ್ನೊಮ್ಮೆ ಆಗಿದ್ದಿಲ್ಲ.

“ಸಾಕು ಬಿಡಕ್ಕ, ಎಲ್ರೂ ನೋಡ್ತಿದಾರೆ,” ಎಂದ ತಮ್ಮ. ಆಮೇಲೆ ಸುತ್ತ ನೋಡಿ ಕೇಳಿದ: “ಗೊರಕೆಯಣ್ಣ ಎಲ್ಲಿ?”

“ಒಳಗೇ ಮಲಗಿದಾನೆ,” ಎಂದ ಉಗ್ರಾಣದವನು. ಅಂದ ಮೇಲೆ ಅವನಿಗೇ ಏನೋ ಹೊಳೆದು ಅಕ್ಕನ ಮುಖ ನೋಡಿದ. “ನೀವು ನಿಮ್ಮ ತಮ್ಮನ್ನ ಅಂದ್ರಿ ಅಮ್ಮ. ತಮ್ಮನ್ನ ತಂದ್ವಿ. ಆ ಯಪ್ಪ ದಿನಾ ಹಾಗೇ ಮಲಗ್ತಾನಲ್ಲ.”

ನಾಲ್ಕು ಜನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಓಡಿದರು. ಬಾಗಿಲು ಕಿಟಕಿ ಎಲ್ಲ ಹಾರುಹೊಡೆದ ಮೇಲೂ ಕೋಣೆಯಿಂದ ಗೊರಕೆ ಕೇಳಿಸಲಿಲ್ಲ. ನೆಲದ ಫೋಮಿನ ಚೂರುಗಳ ಮೇಲೆ ಅವನು ಮಗ್ಗುಲಾಗಿ ಬಿದ್ದಿದ್ದ, ಅನಿಲ ನೆಲ ಹಿಡಿದು ಕೂತ ಜಾಗದಲ್ಲಿ. ಅಲ್ಲಿ ಕಲಕುವ ಫ್ಯಾನೂ ಇರಲಿಲ್ಲ. ಅಂಗಳಕ್ಕೆ ತಂದು ಮಲಗಿಸಿದರು. ವೈದ್ಯರು ಬಂದರು, ಎದೆ ಒತ್ತಿದರು, ಗಡಿಯಾರ ನೋಡಿದರು.

ಹೊತ್ತು ಇಳಿಯುವ ತನಕ ಅಕ್ಕ ತಮ್ಮ ಇಬ್ಬರೂ ಅದೇ ಕಟ್ಟೆಯ ಮೇಲೆ ಕೂತಿದ್ದರು. ಗೊರಕೆಯಣ್ಣನ ಮನೆಗೆ ಯಾರೋ ಸುದ್ದಿ ಹೇಳಲು ಹೋಗಿದ್ದರು.

“ಅಕ್ಕ, ನಿಂಗೆ ಹೇಗೆ ಗೊತ್ತಾಯ್ತು?” ಎಂದ ತಮ್ಮ.

ಆಕೆ ಎಲ್ಲವನ್ನೂ ಹೇಳಿದಳು. ಹತ್ತು ಇಲಿ, ಒತ್ತದ ಗಂಟೆ, ಬರೆದ ಮಾತು, ಕೇಳಿಕೊಂಡ ಒಂದು ದಿನ. ಏನನ್ನೂ ಮುಚ್ಚಿಡಲಿಲ್ಲ. ತಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದ.

“ಅಂದ್ರೆ ಇವತ್ತು ಬೆಳಿಗ್ಗೆ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಅವ್ನು ಗೇಟಲ್ಲೇ ನಿಂತಿದ್ನಲ್ಲಕ್ಕ. ಅವ್ನ ಹತ್ರ ಮಕ್ಕಳ ವಿಷಯ ಕೇಳಿದೆ. ಹೋಗ್ಬೇಡ ಅಂತ ನಂಗೊಬ್ಬನಿಗೇ ಅಂದೆ.”

“ಹೂಂ,” ಎಂದಳು ಅಕ್ಕ.

ತಮ್ಮ ಕಟ್ಟೆಯಿಂದ ಎದ್ದು, ಆಕೆಯ ಕಡೆ ನೋಡದೆ, ಗೋಡೆಗೆ ಒರಗಿಸಿದ್ದ ಗೊರಕೆಯಣ್ಣನ ಸೈಕಲ್ಲನ್ನು ತಳ್ಳಿಕೊಂಡು ಅವನ ಮನೆಯ ದಾರಿ ಹಿಡಿದ.