ಐನೂರಾ ಅರವತ್ತೊಂದು ಸಾಲು

ಜಗದೇವಿಗೆ ಕುರ್ಚಿ ಇರಲಿಲ್ಲ. ಮುಸ್ಕಾನಳಿಗೂ ನನಗೂ ಇರಲಿಲ್ಲ. ಆದರೆ ಜಗದೇವಿ ಗಣಿತದಲ್ಲಿ ಎಂಎಸ್ಸಿ ಮಾಡಿದವಳು, ಅದಕ್ಕೆ ಅವಳ ಹೆಸರು ಮೊದಲು. ಹುಮನಾಬಾದಿನ ಒಂದು ಬೀಜ-ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಆಫೀಸು. ಇದ್ದ ಎರಡು ಕುರ್ಚಿಗಳಲ್ಲಿ ಒಂದು ಮಾಲೀಕ ಶರಣಕುಮಾರನದು, ಇನ್ನೊಂದು ಅವನನ್ನು ನೋಡಲು ಬರುವ ಅವನ ಜಾತಿಯವರದು. ನಾವು ಜಮಖಾನದ ಮೇಲೆ ಕೂತು, ಖಾಲಿ ರಟ್ಟಿನ ಖೋಕಾಗಳ ಮೇಲೆ ಕಂಪ್ಯೂಟರ್ ಇಟ್ಟುಕೊಂಡಿದ್ದೆವು.

ಪುಣೆಯ ಒಂದು ಕಂಪನಿ ಲೆಕ್ಕದ ಸಾಧನವೊಂದನ್ನು ಮಾಡಿತ್ತು. ಅದು ಮನುಷ್ಯರಿಗಲ್ಲ, ಎಐ ಏಜೆಂಟ್‌ಗಳಿಗೆ, ಅಂದರೆ ನಮ್ಮ ಪರವಾಗಿ ತಾವೇ ಕೆಲಸ ಮುಗಿಸುವ ಯಂತ್ರಬುದ್ಧಿಗಳಿಗೆ. ಅವು ಮಾತಿನಲ್ಲಿ ಜೋರು, ದೊಡ್ಡ ಸಂಖ್ಯೆ ಬಂದರೆ ತಡವರಿಸುತ್ತವೆ. ಆಗ ಈ ಸಾಧನವನ್ನು ಕೇಳಬೇಕು: ಈ ಸಂಖ್ಯೆ ಅವಿಭಾಜ್ಯವೇ, ಭಾಗಿಸಿದರೆ ಎಷ್ಟು ಉಳಿಯುತ್ತದೆ. ಹೇಗೆ ಕೇಳಬೇಕು, ಎಲ್ಲಿ ನಂಬಬಾರದು ಎಂಬುದನ್ನು ಉದಾಹರಣೆ ಸಮೇತ ಬರೆಯುವುದು ನಮ್ಮ ಕೆಲಸ. ಏಜೆಂಟ್ ಅದನ್ನು ಓದಿ ಹಾಗೆಯೇ ನಡೆಯುತ್ತದೆ.

"ನಮ್ಮತ್ತಿಗಿಂತ ಛಲೋ ಅದ," ಎಂದಿದ್ದಳು, ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಬರುವ ಮುಸ್ಕಾನ. "ಹೇಳಿದ್ದು ಕೇಳತದ, ತಿರುಗಿ ಮಾತಾಡಂಗಿಲ್ಲ."

ಆ ಗುರುವಾರ ಜಗದೇವಿ ಅವಿಭಾಜ್ಯ ಸಂಖ್ಯೆಗಳ ಪುಟ ಬರೆಯುತ್ತಿದ್ದಳು. ಉದಾಹರಣೆಗೆಂದು 561 ಒತ್ತಿದಳು. ಅವಿಭಾಜ್ಯ, ಎಂದಿತು ಸಾಧನ. ಅಂದರೆ ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಸಮನಾಗಿ ಭಾಗವಾಗದು.

ಜಗದೇವಿ ನಕ್ಕಳು.

"ಯಾಕ ನಗಾಕತ್ತಿ?" ಎಂದೆ.

"ಸಮ್ಯಕ, ನಮ್ಮೂರು ದುಬಲಗುಂಡ್ಯಾಗ ಮಹಾರುದ್ರಪ್ಪನ ದೊಡ್ಡ ಹೊಲ ಅದ ನೋಡು. ಐನೂರಾ ಅರವತ್ತೊಂದು ತೊಗರಿ ಸಾಲು. ನಮ್ಮವ್ವನ ಗುಂಪಿನ್ಯಾಗ ಹನ್ನೊಂದು ಹೆಣ್ಮಕ್ಕಳು. ಕಸ ತೆಗಿಯಾಕ ತಲಿಗೆ ಐವತ್ತೊಂದು ಸಾಲು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಲ್ಲ. ರಜಾದಾಗ ನಾನೂ ಹೋಗೀನಿ, ನನ್ನ ಮೊಳಕಾಲು ಭಾಗಿಸಿ ನೋಡ್ಯಾವ. ಈ ಭಾಡ್ಯಾ ಭಾಗ ಆಗಂಗಿಲ್ಲ ಅಂತದ."

ಬೇಗ ಉತ್ತರ ಕೊಡಬೇಕೆಂದು ಸಾಧನ ಒಂದೇ ಒಂದು ಪರೀಕ್ಷೆ ಮಾಡಿ ತೀರ್ಪು ಹೇಳುತ್ತಿತ್ತು. 561 ಆ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವ ಕಳ್ಳ ಸಂಖ್ಯೆ. ಜಗದೇವಿ ಪುಟದಲ್ಲಿ ಬರೆದಳು: ಎಚ್ಚರಿಕೆ. ಈ ಸಾಧನ 561 ಅನ್ನು ಅವಿಭಾಜ್ಯ ಎನ್ನುತ್ತದೆ. ತಪ್ಪು. ಮಹಾರುದ್ರಪ್ಪನವರ ಹೊಲದ 561 ಸಾಲುಗಳಲ್ಲಿ ಹನ್ನೊಂದು ಹೆಂಗಸರು ತಲಾ 51 ಸಾಲು ಕಳೆ ತೆಗೆಯುತ್ತಾರೆ. ಅವಿಭಾಜ್ಯ ಎಂಬ ಉತ್ತರ ಬಂದರೆ ಇನ್ನೊಮ್ಮೆ ಭಾಗಿಸಿ ನೋಡಿ.

ಶರಣಕುಮಾರ ಮಹಾರುದ್ರಪ್ಪನ ಮಗ. ಬಂದು, ಹಿಂದೆ ನಿಂತು ಓದಿದ.

"ಏ ಜಗ್ಗಿ, ನಮ್ಮಪ್ಪನ ಹೆಸರು ಯಾಕ ಬರದಿ?"

"ಹೊಲ ಅವರದೇ ಅದಲ್ರಿ."

"ಅಳಸು. ಎಚ್ಚರಿಕೀನೂ ಅಳಸು. ಸಾವಿರ ಸಂಖ್ಯೆ ನಾನೇ ತಪಾಸ ಮಾಡೀನಿ, ಎಲ್ಲಾ ಬರೋಬ್ಬರಿ ಅದಾವ ಅಂತ ಕಂಪನಿಗೆ ಬರಕೊಟ್ಟೀನಿ."

"ಮಾಡೀರೇನ್ರಿ?"

ಮುಸ್ಕಾನ ಕೆಮ್ಮಿದಳು. ಅವನು ಒಂದನ್ನೂ ಮಾಡಿರಲಿಲ್ಲ.

"ಕಸ ತೆಗಿಯೋ ಮುಂಡೇರನ್ನ ಕಂಪ್ಯೂಟರ್ ಮುಂದ ಕುಂದ್ರಿಸಿದ್ರ ಹಿಂಗೇ. ನಾಕು ಅಕ್ಷರ ಬಂದ್ವು ಅಂತ ಜಾತಿ ಮರೀಬ್ಯಾಡ. ನಿಮ್ಮವ್ವ ನಮ್ಮ ಹೊಲದಾಗ ಬಗ್ಗಿಕೋತ ಬಂದಾಳ. ನೀನೂ ಬಗ್ಗಿ ಇರು."

"ಬಗ್ಗಿದ್ದಕ್ಕೇ ಸಾಲು ಎಣಸಾಕ ಬಂತ್ರಿ," ಎಂದಳು ಜಗದೇವಿ.

ಅವನು ತಾನೇ ಕೂತು ಅಷ್ಟನ್ನೂ ಅಳಿಸಿದ. 'ಯಾವಾಗಲೂ ಸರಿಯಾದ ಉತ್ತರ ಕೊಡುತ್ತದೆ' ಎಂದು ಸೇರಿಸಿ, ಬರೆದವರು ಎಂಬಲ್ಲಿ ತನ್ನ ಹೆಸರು ಹಾಕಿದ. ಐದು ಗಂಟೆಗೆ ಕಳಿಸಿಬಿಡ್ರಿ ಎಂದು ಹೇಳಿ ನಾರಾಯಣಪುರಕ್ಕೆ ನೆಂಟರ ಊಟಕ್ಕೆ ಹೋದ. ಕಳಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

"ಅವ ಬರದದ್ದನ್ನ ಹಂಗೇ ಕಳಿಸದಿದ್ರ ನೌಕರಿ ಹೋಗತದ," ಎಂದೆ.

"ಕಳಿಸಿದ್ರ ಆ ಮಿಷನ್ ಖರೇ ಅಂತ ನಂಬತದಲ್ಲೋ," ಎಂದಳು ಮುಸ್ಕಾನ. "ಕಂಪ್ಯೂಟರಿನ್ಯಾಗ ಗುಪ್ತ ಕಾಗದಕ್ಕ ಬೀಗ ಹಾಕಾಕ ಅವಿಭಾಜ್ಯ ಸಂಖ್ಯೆನೇ ಬೇಕು. ಯಾರದೋ ಕಾಗದಕ್ಕ ಇಂಥಾ ಸಂಖ್ಯೆ ತಗೊಂತು ಅಂತ ತಿಳಕೋ. ಸುಳ್ಳು ಬೀಗ ಹಾಕತದ."

ಜಗದೇವಿ ಪರದೆ ನೋಡುತ್ತಿದ್ದಳು. "ಐನೂರಾ ಅರವತ್ತೊಂದು ಭಾಗ ಆಗಂಗಿಲ್ಲ ಅಂತ ಬಿಟ್ರ, ಆ ಹೊಲದಾಗ ನಮ್ಮವ್ವ ಇರಲೇ ಇಲ್ಲ ಅಂದಂಗ."

ಅವ್ವನಿಗೆ ಫೋನ್ ಹಚ್ಚಿದಳು. ಹನ್ನೊಂದು ಮಂದಿಯ ಹೆಸರು ಬೇಕು ಎಂದಳು. ಅವರು ತೊಗರಿ ಸಾಲಿನಲ್ಲೇ ಇದ್ದರು.

"ನನ್ನ ಹೆಸರು ಮಿಷನ್ನಿಗ್ಯಾಕವ್ವಾ?" ಎಂದು ಯಾರೋ ಕೂಗಿದರು. "ಬಂದು ಎರಡು ಸಾಲು ಕಸ ತೆಗಿತದೇನು?"

"ಬಗ್ಗಾಕ ಸೊಂಟ ಇಲ್ಲಂತ ಅದಕ್ಕ," ಎಂದಳು ಇನ್ನೊಬ್ಬಳು. ಫೋನಿನಲ್ಲಿ ನಗು ತುಂಬಿತು. ನಗುತ್ತಲೇ ಒಬ್ಬೊಬ್ಬರಾಗಿ ಹೆಸರು ಹೇಳಿದರು.

ಜಗದೇವಿ ಅಳಿಸಿದ್ದನ್ನೆಲ್ಲ ವಾಪಸು ಹಾಕಿದಳು. ಹನ್ನೊಂದು ಹೆಂಗಸರು ಎಂಬಲ್ಲಿ ಹನ್ನೊಂದು ಹೆಸರು ಬರೆದಳು. ಬರೆದವರು ಎಂಬಲ್ಲಿ ನಮ್ಮ ಮೂವರ ಹೆಸರು. ಐದು ಗಂಟೆಗೆ ಸರಿಯಾಗಿ ಕಳಿಸಿದಳು. ಕೆಳಗಿಳಿದು ಮೂವರೂ ಮಿರ್ಚಿ ಭಜಿ ತಿಂದೆವು.

ಶನಿವಾರ ಕಂಪನಿಯಿಂದ ಉತ್ತರ ಬಂತು. ಸಾಧನವನ್ನು ತಿದ್ದುತ್ತಿದ್ದೇವೆ, ಈ ಉದಾಹರಣೆ ಹೀಗೆಯೇ ಇರಲಿ, ಹೆಸರುಗಳೂ ಇರಲಿ ಎಂದಿತ್ತು. ಸಾವಿರ ಸಂಖ್ಯೆಗಳ ತಪಾಸಣೆಯ ಪಟ್ಟಿ ಕಳಿಸಿರೆಂದು ಶರಣಕುಮಾರನನ್ನು ಕೇಳಿತ್ತು. ಅವನು ಮೊದಲು ಅದನ್ನು ಎರಡು ಸಲ ಓದಿದ, ಆಮೇಲೆ ನಮ್ಮನ್ನು ಮೆಟ್ಟಿಲ ತನಕ ದಬ್ಬಿದ. ಸೋಮವಾರ ಮಹಾರುದ್ರಪ್ಪ ಹನ್ನೊಂದು ಮಂದಿಗೂ ತನ್ನ ಹೊಲದಲ್ಲಿ ಕಾಲಿಡಬೇಡಿ ಎಂದ. ಕಳೆ ತೆಗೆಯುವ ಕಾಲ, ಎಲ್ಲ ಹೊಲದವರಿಗೂ ಆಳು ಬೇಕಿತ್ತು. ಅವರು ಅಲ್ಲಿಂದಲೇ ಪಕ್ಕದ ಹೊಲಕ್ಕೆ ದಾಟಿದರು.

ಹೋದದ್ದು: ಮೂರು ನೌಕರಿ, ಒಂದು ಹೊಲ, ಮೆಟ್ಟಿಲ ಮೇಲಿಂದ ಉರುಳಿದ ಮುಸ್ಕಾನಳ ಟಿಫಿನ್ ಡಬ್ಬಿ.