ಬಟ್ಟೆಯ ಚಕ್ರ

ಮೂಗಿನ ತುದಿಗೆ ಏನೋ ಬಂದು ಕೂತಿತು, ನೊಣ ಅಂದುಕೊಂಡು ಕೈಯಾಡಿಸಿದೆ, ನೊಣವಲ್ಲ, ನೂಲಿನ ಎಳೆ, ಲೋಹಕ್ಕೆ ಪಾಲಿಶ್ ಹಾಕುವ ಹೊಸ ಚಕ್ರ ಮೊದಲೆರಡು ದಿನ ಹೀಗೆ ಉದುರುತ್ತಲೇ ಇರುತ್ತದೆ ಎಂದು ತಮ್ಮ ಹೇಳಿದ್ದ, ಮನೆಯೆಲ್ಲ ಹತ್ತಿ ಗಿರಣಿ ಆಗತ್ತೆ ಅಕ್ಕ, ನೀನೂ ಮೂಗಿಗೆ ಬಟ್ಟೆ ಕಟ್ಕೋ, ಕಟ್ಟಿಕೊಂಡಿದ್ದೆ, ಉಸಿರಿಗೆ ಕನ್ನಡಕ ಮಂಜುಗಟ್ಟಿ ಏನೂ ಕಾಣದೆ ಕೆಳಗೆಳೆದುಕೊಂಡೆ — ಕಾಣದಿದ್ದ ಮೇಲೆ ಕಾವಲು ಎಂಥದು, ಕಾವಲಿಗೇ ಅಲ್ಲವೇ ನನ್ನನ್ನು ಈ ಹಿಂದಿನ ವರಾಂಡದಲ್ಲಿ ಪ್ಲಗ್ಗಿನ ಪಕ್ಕಕ್ಕೆ ಕುರ್ಚಿ ಹಾಕಿ ಕೂರಿಸಿರುವುದು, ಏನಾದ್ರೂ ಆದ್ರೆ ಯೋಚನೆ ಮಾಡ್ತಾ ಕೂರ್ಬೇಡ, ಕಿತ್ತುಬಿಡು. ಕೀಳುತ್ತೇನೆ, ಆದರೆ ಈ ಮಂಡಿ ಏಳಲು ಬಿಡಬೇಕಲ್ಲ, ಕುರ್ಚಿಯಿಂದ ಬಾಗಿದರೆ ಪ್ಲಗ್ಗು ಸಿಗುತ್ತದೋ ಇಲ್ಲವೋ ಎಂದು ಬೆಳಗ್ಗೆ ತಮ್ಮನ ಮಗಳೇ ತಾನು ಕೂತು ನೋಡಿ, ನನ್ನ ಕೈ ಗಿಡ್ಡವೆಂದು ಕುರ್ಚಿಯನ್ನು ಒಂದು ಗೇಣು ಹತ್ತಿರ ಎಳೆದಳು. ಇಪ್ಪತ್ತೇಳು ವರ್ಷದವಳು, ಇವತ್ತಿಗೂ ಅಪ್ಪನಿಗೆ ಪುಟ್ಟಿ. ಜೆರಾಕ್ಸ್ ಅಂಗಡಿ ಮುಚ್ಚಿ ಕೆಲಸ ಹೋದ ಮೇಲೆ ನಾಲ್ಕು ತಿಂಗಳು ಗೋಡೆ ನೋಡುತ್ತ ಕೂತಿದ್ದವಳು ಒಂದು ದಿನ ಕೆಟ್ಟುಹೋದ ವಾಷಿಂಗ್ ಮಷೀನನ್ನು ಬಿಚ್ಚಿ ಮೋಟಾರು ಹೊರಗೆ ತೆಗೆದಳು, ಅಪ್ಪ, ನೀವು ಮಾಡ್ತಿದ್ದ ಪಾಲಿಶ್ ಕೆಲಸ ನಂಗೆ ಕಲಿಸಿ ಅಂದಳು, ಅವನು ಬಲಗೈ ಎತ್ತಿ ಉಳಿದ ಮೂರು ಬೆರಳು ತೋರಿಸಿ, ಮುಕ್ಕಾಲು ಪಾಠ ಮಾತ್ರ ಬರತ್ತೆ ನೋಡಮ್ಮ ಅಂದ, ಅವರಿಬ್ಬರೂ ನಕ್ಕರು, ನಾನು ಒಗೆದ ಬಟ್ಟೆ ಮಡಚುತ್ತಿದ್ದೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ಚಕ್ರ ನನ್ನದೇ ಹೊಲಿಗೆ, ಹಳೆಯ ಮಂಚದ ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದು, ಊಟದ ತಟ್ಟೆ ಇಟ್ಟು ಗೀರಿ ನಲವತ್ತು ದುಂಡು ತುಂಡು ಕತ್ತರಿಸಿದೆ, ಒಂದರ ಮೇಲೊಂದು ಪೇರಿಸಿ ನಡುವಿನಿಂದ ಅಂಚಿನವರೆಗೆ ಸುರುಳಿಯಾಗಿ ಹೊಲಿಗೆ ಹಾಕಿದೆ, ಸೂಜಿ ಮೂರು ಸಲ ಮುರಿಯಿತು, ಪ್ರತಿ ಸಲವೂ ಅವಳು ಕೇಳದೆಯೇ ದಾರ ಪೋಣಿಸಿಕೊಟ್ಟಳು. ಮಿಕ್ಕದ್ದೆಲ್ಲ ಅಪ್ಪ-ಮಗಳದ್ದು, ಹಾಸಿಗೆ ಹಿಡಿದ ಅವನು ಒಳಕೋಣೆಯ ಮಂಚದಿಂದ ಹೇಳುವುದು, ಇಲ್ಲಿ ಇವಳು ಮಾಡುವುದು, ಮೋಟಾರನ್ನು ದಪ್ಪ ಹಲಗೆಗೆ, ಹಲಗೆಯನ್ನು ಮೇಜಿಗೆ, ಮೇಜನ್ನು ಗೋಡೆಗೆ ಬಿಗಿ ಮಾಡಿದರು, ಎಣ್ಣೆ ಡಬ್ಬಿ ಸೀಳಿ ಚಕ್ರದ ಬೆನ್ನಿಗೆ ತಗಡಿನ ಮರೆ ಕಟ್ಟಿದರು, ಅಲ್ಲಾಡತ್ತಾ ಪುಟ್ಟಿ, ಇಲ್ಲಪ್ಪ, ಒದ್ದು ನೋಡು, ಒದ್ದೆ, ನಿನ್ನ ಒದೆ ಅಲ್ಲ ಕಣೆ, ನಿಮ್ಮಮ್ಮ ಬಾಗಿಲಿಗೆ ಒದೀತಿದ್ದಳಲ್ಲ ಆ ಥರ ಒದಿ. ಅವಳಮ್ಮ ಇದ್ದಿದ್ದರೆ ಈ ಚಕ್ರವನ್ನು ಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ, ಸಾಯುವವರೆಗೂ ಚಕ್ರವನ್ನೇ ಬೈದಳು ಪಾಪ, ಒಂದು ದಿನವೂ ನನ್ನನ್ನು ಬೈಯಲಿಲ್ಲ, ಬೈಯಲು ಅವಳಿಗೆ ಗೊತ್ತಿರಬೇಕಲ್ಲ.

ಈಗ ಏಳನೆಯ ಹಿಡಿ, ಯಾವುದೋ ಹಳೆಯ ಲಾಡ್ಜಿನ ಹಿತ್ತಾಳೆಯ ಬಾಗಿಲ ಹಿಡಿಗಳು, ಇಪ್ಪತ್ತನಾಲ್ಕು, ಅವಳಿಗೆ ಸಿಕ್ಕ ಮೊದಲ ಕೆಲಸ, ಚೆನ್ನಾಗಿ ಬಂದರೆ ಕಿಟಕಿಯ ಕೊಂಡಿಗಳನ್ನೂ ಕೊಡುತ್ತಾರಂತೆ. ತಿರುಗುವ ಚಕ್ರಕ್ಕೆ ಹೊಳಪು ಕೊಡುವ ಮೇಣದ ಗಟ್ಟಿ ಒತ್ತುತ್ತಾಳೆ, ಹಿಡಿಯನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ತಾಗಿಸುತ್ತಾಳೆ, ಮೇಲೆ ಹಿಡಿದರೆ ಚಕ್ರ ಕಿತ್ತುಕೊಂಡು ಮುಖಕ್ಕೆ ಎಸೆಯುತ್ತದೆ, ಅದು ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನಾಲ್ಕನೆಯದು. ಪಟ್ಟಿ ನನ್ನ ಕೈಬರಹ, ಲೈಬ್ರರಿಯಲ್ಲಿ ಮೂವತ್ತು ವರ್ಷ ಕಾರ್ಡು ಬರೆದ ಅಕ್ಷರ, ದೂರದಿಂದಲೂ ಓದಬಹುದು — ತೋಳು ಮೇಲೆ ಕಟ್ಟು, ಕೂದಲು ಬಿಗಿ, ಉಂಗುರ ಬಳೆ ದುಪಟ್ಟಾ ಬೇಡ, ಚಾಲೂ ಮಾಡಿ ಒಂದು ನಿಮಿಷ ಪಕ್ಕಕ್ಕೆ ನಿಲ್ಲು, ಚಕ್ರ ತಾನಾಗಿ ನಿಲ್ಲುವ ತನಕ ಕೈ ಒಯ್ಯಬೇಡ, ಒಟ್ಟು ಒಂಬತ್ತು. ಮಂಗಳವಾರ ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ, ಒಂಬತ್ತಾದ ಮೇಲೆ ಸೂರು ನೋಡುತ್ತ ಸುಮ್ಮನಾದ, ನಾನು ಹತ್ತು ಎಂದು ಅಂಕಿ ಹಾಕಲು ಪೆನ್ನು ಊರಿ ಕಾದೆ, ಅವನಿಗೂ ಗೊತ್ತು ಹತ್ತನೆಯದು ಯಾವುದೆಂದು, ನನಗೂ ಗೊತ್ತು, ಅಷ್ಟೇ ಅಕ್ಕ, ಸಾಕು, ಸ್ವಲ್ಪ ನೀರು ಕೊಡ್ತೀಯಾ ಅಂದ. ಪೆನ್ನಿನ ಮುಚ್ಚಳ ಹಾಕಿ ಎದ್ದೆ. ಇಪ್ಪತ್ತಾರು ವರ್ಷದಿಂದ ಅವನು ನನಗೆ ಮಾಡುತ್ತಿರುವ ಉಪಕಾರ ಇದು, ಆ ಒಂದು ಮಾತು ಬರುವ ಜಾಗದಲ್ಲೆಲ್ಲ ನೀರು ಕೇಳುವುದು.

ಅತ್ತೆ, ತುಂಬ ಬಿಸಿಯಾಗ್ತಿದೆ ಇದು, ಹಿಡಿಯೋಕೇ ಆಗ್ತಿಲ್ಲ, ಚಕ್ರದ ಸದ್ದಿನ ಮೇಲಿಂದ ಕೂಗುತ್ತಾಳೆ, ಹಿಡಿಯನ್ನು ಬಕೆಟ್ಟಿನ ನೀರಿಗೆ ಅದ್ದಿದಾಗ ಚುಯ್ ಎನ್ನುತ್ತದೆ, ಬೆರಳನ್ನು ಊದಿಕೊಳ್ಳುತ್ತಾಳೆ, ನಿಮ್ಮ ಪೆಟ್ಟಿಗೇಲಿ ಆ ದಪ್ಪ ಬಟ್ಟೆ ಇದ್ಯಲ್ಲ, ಒಂದು ಜೊತೆ ಗ್ಲೌಸ್ ಹೊಲ್ಕೊಡಿ ಅತ್ತೆ, ನಿಮ್ಗೆ ಅರ್ಧ ಗಂಟೆ ಕೆಲ್ಸ. ಅರ್ಧ ಗಂಟೆಯಲ್ಲ, ಮೂರು ಮಧ್ಯಾಹ್ನ ಹಿಡಿದಿತ್ತು ಆಗ, ಪರದೆಯ ಬಟ್ಟೆ, ಹಸಿರು, ಕಾರ್ಖಾನೆಯಲ್ಲಿ ತಮ್ಮ ದಿನಕ್ಕೆ ನೂರು ನಲ್ಲಿ ಚಕ್ರಕ್ಕೆ ಹಿಡಿದು ಉಜ್ಜಿ ಬರುತ್ತಿದ್ದ, ಬೆರಳ ತುದಿ ಸುಲಿದು ಅಂಗಿಯ ಗುಂಡಿ ಹಾಕಲೂ ಆಗದೆ ತೊಟ್ಟಿಲಲ್ಲಿದ್ದ ಈ ಕೂಸನ್ನು ಮೊಣಕೈಯಲ್ಲಿ ಎತ್ತಿಕೊಳ್ಳುತ್ತಿದ್ದ, ನೋಡಲಾಗಲಿಲ್ಲ ನನಗೆ, ಅವನು ಮಲಗಿದ್ದಾಗ ಕೈಯ ಅಳತೆ ತೆಗೆದು ಹೊಲಿದೆ, ಎರಡೆರಡು ಸಲ ಹೊಲಿಗೆ ಹಾಕಿದೆ, ಬೇಗ ಬಿಚ್ಚದಿರಲಿ ಎಂದು. ನೋಡ್ರೋ, ನಮ್ಮಕ್ಕ ಹೊಲಿದಿದ್ದು, ಎಂದು ಎಲ್ಲರಿಗೂ ತೋರಿಸಿದನಂತೆ, ಮೇಸ್ತ್ರಿ ಆ ವಾರ ರಜದಲ್ಲಿದ್ದರು, ಇದ್ದಿದ್ದರೆ ಕಸಿದು ಒಲೆಗೆ ಹಾಕುತ್ತಿದ್ದರು, ಹಾಗೆಂದು ಅವರೇ ಹೇಳಿದರು, ಆಸ್ಪತ್ರೆಯ ಓಣಿಯಲ್ಲಿ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, ಬರೀ ಬೆರಳಾಗಿದ್ರೆ ತರಚಿ ಜಾರ್ಕೊಂಡು ಬಿಡ್ತಿತ್ತು ತಂಗಿ, ಬಟ್ಟೆ ಸಿಕ್ಕಿದ್ರೆ ಚಕ್ರ ಬಿಡಲ್ಲ, ಒಳಗೆಳ್ಕೊಳ್ಳತ್ತೆ, ಹೊಲಿಗೆಯಾದ್ರೂ ಹರೀಬೇಕಿತ್ತು, ಹರೀಲಿಲ್ಲ. ಒಳಗೆ ಅವನು ಹೆಂಡತಿಗೆ ಹೇಳುತ್ತಿದ್ದ, ಕೈ ಜಾರಿತು ಕಣೆ, ನನ್ನದೇ ತಪ್ಪು.

ಅತ್ತೆ, ಕೇಳಿಸ್ತಾ, ಕೇಳಿಸಿತು ತಾಯಿ, ದಪ್ಪ ಬಟ್ಟೆ ಪೆಟ್ಟಿಗೆಯ ತಳದಲ್ಲಿದೆ, ಇಲ್ಲವೆಂದು ಸುಳ್ಳು ಹೇಳಬಹುದು, ಕಣ್ಣು ಕಾಣಲ್ಲ ಅನ್ನಬಹುದು, ಇವತ್ತು ತಪ್ಪುತ್ತದೆ, ನಾಳೆ ಅಂಗಡಿಯಿಂದ ತಂದುಕೊಳ್ಳುತ್ತಾಳೆ, ಮಿಕ್ಕ ಹದಿನೇಳು ಹಿಡಿ, ಆಮೇಲೆ ಕೊಂಡಿಗಳು, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅವಳೇಕೆ ಹೆದರಬೇಕು. ಸಾಕಾಗಿದೆ ನನಗೂ, ಹೊತ್ತು ಹೊತ್ತು ಭುಜ ಬಿದ್ದುಹೋಗಿದೆ. ಮೋಟಾರು ಆರಿಸು, ಅನ್ನುತ್ತೇನೆ, ಯಾಕತ್ತೆ, ಮೊದ್ಲು ಆರಿಸು ಅಂದೆ. ಆರಿಸಿದಳು. ಗ್ಲೌಸ್ ಹಾಕ್ಬಾರ್ದು ಕಣೆ ಇದಕ್ಕೆ, ಯಾವತ್ತೂ ಹಾಕ್ಬಾರ್ದು, ಬಿಸಿ ಆದ್ರೆ ನೀರಿಗೆ ಅದ್ದು, ತಣ್ಣಗಾಗೋ ತನಕ ಕಾಯು, ನಿಮ್ಮಪ್ಪ ಹಾಕ್ಕೊಂಡಿದ್ದ ಅವತ್ತು, ಅವ್ನ ಕೈ ಜಾರಿದ್ದಲ್ಲ, ಗ್ಲೌಸು ಸಿಕ್ಕಿದ್ದು, ನಾನೇ ಹೊಲಿದುಕೊಟ್ಟಿದ್ದು. ಇಷ್ಟೇ ಇತ್ತು, ಇಪ್ಪತ್ತಾರು ವರ್ಷದ್ದು ಒಂದೇ ಉಸಿರಿಗೆ ಮುಗಿಯಿತು.

ಒಳಗಿನಿಂದ ಅವನ ದನಿ, ಪುಟ್ಟಿ, ಯಾಕೆ ಆರಿಸ್ದೆ, ಏನಾಯ್ತು. ಏನಿಲ್ಲಪ್ಪ, ಬಿಸಿಯಾಗಿತ್ತು, ತಣ್ಣಗಾಗ್ಲಿ ಅಂತ, ಎಂದಳು, ದನಿ ಒಂದಿಷ್ಟೂ ಅಲುಗಲಿಲ್ಲ, ಥೇಟ್ ಅವನದೇ ದನಿ. ಆರಿಸಿದರೂ ಚಕ್ರ ನಿಂತಿಲ್ಲ, ನಲವತ್ತು ಪದರದ ಭಾರ, ಸುತ್ತುತ್ತಲೇ ಇದೆ, ಅವಳು ನನಗೆ ಬೆನ್ನು ಮಾಡಿ ಅದನ್ನೇ ನೋಡುತ್ತ ನಿಂತಿದ್ದಾಳೆ, ತಿರುಗಿ ನೋಡುತ್ತಾಳೋ ಇಲ್ಲವೋ, ಏನನ್ನುತ್ತಾಳೋ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದಾಳೆ, ಮೇಣದ ಮಸಿ ಹತ್ತಿ ಬೆರಳು ಕಪ್ಪಾಗಿವೆ, ಒಂದು ಬೆರಳು ಇನ್ನೊಂದರ ಸುಟ್ಟ ತುದಿಯನ್ನು ಸವರುತ್ತಿದೆ, ನನ್ನ ಕುರ್ಚಿಯಿಂದ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ, ಚಕ್ರದ ಸದ್ದು ಇಳಿಯುತ್ತಿದೆ, ಬೆರಳುಗಳು, ಇನ್ನೂ ನಿಂತಿಲ್ಲ, ಕಪ್ಪು ಬೆರಳುಗಳು, ಹತ್ತೂ ಇವೆ.