ಅವಳ ಗಂಡು ಯಾರೆಂದು ಅವಳಿಗೇ ಗೊತ್ತು

ಎಸೋನೋ ಮೇಷ್ಟ್ರು ರಾಜಧಾನಿ ಲಿಬ್ರವಿಲ್‌ನಿಂದ ಬಂದವರು. ನನ್ನ ಸಂಶೋಧನೆಗೆ ಅವರ ಸಹಿ ಬೇಕು. ನಮ್ಮ ಇವಿಂಡೋ ನದಿಯ ಸೊಂಡಿಲು ಮೀನು ಒಂದೇ ಪ್ರಭೇದ ಎಂದು ಅವರ ಹಟ, ಎರಡು ಎಂದು ನನ್ನ ಹಟ. ಒಂದೇ ಎಂದು ಬರೆದರೆ ಇವತ್ತೇ ಡಾಕ್ಟರೇಟು. ಇಲ್ಲದಿದ್ದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು.

"ಮೂತಿ ಒಂದೇ, ಬಾಲ ಒಂದೇ, ಹುರುಪೆ ಒಂದೇ. ಇನ್ನೇನಮ್ಮ ನಿಂದು?"

"ಕರೆಂಟಿನ ಮಿಡಿತ ಬೇರೆ ಮೇಷ್ಟ್ರೇ. ಒಂದರದ್ದು ಗಿಡ್ಡ, ಇನ್ನೊಂದರದ್ದು ಉದ್ದ. ಕೆಸರು ನೀರಲ್ಲಿ ಅವಕ್ಕೆ ಮುಖ ಎಲ್ಲಿ ಕಾಣ್ಬೇಕು? ಬಾಲದಿಂದ ಬಿಡೋ ಕರೆಂಟಿನಿಂದಲೇ ಗುರುತು. ಮಿಡಿತ ಹೊಂದ್ಲಿಲ್ಲ ಅಂದ್ರೆ ಕೂಡಲ್ಲ. ಕೂಡದೇ ಹೋದ್ಮೇಲೆ ಒಂದು ಎರಡಾಗದೆ ಇನ್ನೇನಾಗ್ತದೆ?"

"ಪ್ರಯೋಗಕ್ಕೆ ನಿನಗೆ ಬೇಕಾದ ಹೆಣ್ಣು ಮೀನನ್ನ ನೀನೇ ಆರಿಸಿ ತರ್ತೀಯ. ಈ ಸಲ ನಾನೇ ಆರಿಸ್ತೀನಿ."

ಮಳೆ ನಿಂತ ತಿಂಗಳುಗಳಲ್ಲಿ ನಮ್ಮ ಕೋಟಾ ಬುಡಕಟ್ಟಿನ ಹೆಂಗಸರು ತೊರೆಗೆ ಕಟ್ಟೆ ಹಾಕಿ, ನೀರು ಮೊಗೆದು ಚೆಲ್ಲಿ ಮೀನು ಹಿಡಿಯುತ್ತಾರೆ. ಅಲ್ಲಿ ಗಂಡಸಿನ ನೆರಳೂ ಬೀಳಕೂಡದು. ಮೇಷ್ಟ್ರಿಗೆ ಇದು ಗೊತ್ತಿಲ್ಲದ್ದೇನಲ್ಲ. ಪ್ರೊಫೆಸರು ಗಂಡಸರ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡರೋ ಏನೋ, ಬೂಟು ಹಾಕಿಕೊಂಡು ಇಳಿದೇಬಿಟ್ಟರು.

ಮೊದಲ ಹಿಡಿ ಕೆಸರು ಎಸೆದವಳು ನನ್ನ ಅವ್ವ. "ಬಾರೇ ತಂಗಿ, ಬುಟ್ಟಿ ಹಿಡಿ! ಗಡ್ಡ ಯಾವಾಗ ಬಂತೇ ನಿಂಗೆ?"

ಆಮೇಲೆ ಎಲ್ಲರೂ ಶುರುಮಾಡಿದರು. ಕಣ್ಣು ಮೂಗು ಗುರುತು ಸಿಗದಷ್ಟು ಮೆತ್ತಿಸಿಕೊಂಡರೂ ಮೇಷ್ಟ್ರು ಬುಟ್ಟಿಗೆ ಕೈಹಾಕಿ, ಮೊಟ್ಟೆ ತುಂಬಿದ ಹೆಣ್ಣು ಮೀನೊಂದನ್ನು ಎತ್ತಿಕೊಂಡೇ ದಡ ಹತ್ತಿದರು. ಭಂಡ ಧೈರ್ಯ, ಮೆಚ್ಚಬೇಕಾದ್ದೇ.

ಪ್ರಯೋಗಶಾಲೆಯಲ್ಲಿ ಅವಳ ಮಿಡಿತ ಅಳೆದೆವು: ಗಿಡ್ಡ. ತೊಟ್ಟಿಯ ಒಂದು ತುದಿಯ ತಂತಿಯಲ್ಲಿ ಗಿಡ್ಡ ಮಿಡಿತದ ಗಂಡಿನ ದಾಖಲಿಸಿಟ್ಟ ಕರೆ ಬಿಟ್ಟೆ, ಇನ್ನೊಂದು ತುದಿಯಲ್ಲಿ ಉದ್ದ ಮಿಡಿತದವನದು. ಅವಳು ನಡುವೆ ನಿಂತಳು, ತಿರುಗಿದಳು, ಗಿಡ್ಡ ಮಿಡಿತದ ತಂತಿಗೆ ಹೋಗಿ ಮೂತಿ ತಾಗಿಸಿದಳು.

"ತುದಿ ಬದಲಾಯಿಸು," ಎಂದರು ಮೇಷ್ಟ್ರು.

ಬದಲಾಯಿಸಿದೆ. ಇಡೀ ತೊಟ್ಟಿ ದಾಟಿ ಗಿಡ್ಡ ಮಿಡಿತದವನ ಕಡೆಗೇ ಹೋದಳು. ಆಮೇಲೆ ಮೇಷ್ಟ್ರೇ ತಮ್ಮ ಕೈಯಾರೆ ಬದಲಾಯಿಸಿದರು. ಮತ್ತೆ ದಾಟಿದಳು.

ಅವರ ಕಿವಿಯ ಕೆಸರು ಒಣಗಿ ಉದುರುತ್ತಿತ್ತು. "ಒಂದು ಅಂತ ಬರಿ, ಇಬಿಂಗಾ. ಜೀವಮಾನವೆಲ್ಲಾ ನಾನು ಒಂದೇ ಅಂತ ಪಾಠ ಮಾಡಿದೀನಿ. ಬರಿ, ಈಗ್ಲೇ ಸಹಿ ಹಾಕ್ತೀನಿ." ತಮ್ಮ ಪೆನ್ನು ತೆಗೆದು ನನ್ನ ಕೈಗಿಟ್ಟರು.

ಆಸೆ ಆಗಲಿಲ್ಲ ಎಂದರೆ ಸುಳ್ಳು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ನೀವೇ ಆರಿಸಿದ ಹೆಣ್ಣು ಮೇಷ್ಟ್ರೇ. ನಿಮ್ಮ ಕಣ್ಣೆದುರೇ ಉದ್ದ ಮಿಡಿತದವನು ಬೇಡ ಅಂದ್ಲು. ಬೇಡ ಅಂದವನನ್ನ ನಿಮ್ಮ ಸಹಿಗೋಸ್ಕರ ಅವಳಿಗೆ ನಾನು ಕಟ್ಟೋದಿಲ್ಲ."

ಅವರ ಪೆನ್ನು ಅವರ ಕೈಗೇ ಕೊಟ್ಟು, ನನ್ನ ಪೆನ್ನಿನಲ್ಲಿ ಎರಡು ಎಂದು ಬರೆದೆ.